ವೇದಿಕೆ ಬೇಡ, ಆಡಲು ಬಿಡಿ

ಪ್ರಶ್ನೆ: ನನಗೆ 38 ವರ್ಷ. ನಮ್ಮ ಬಡಾವಣೆಯ ಯುವಕ ಸಂಘದ ಕಾರ್ಯದರ್ಶಿ. ಸಂಘದ ಫುಟ್‌ಬಾಲ್ ತಂಡವಿದೆ, ಸಂಜೆ ಚಿಕ್ಕ ಮಕ್ಕಳಿಗೂ ಆಟ ಕಲಿಸುತ್ತೇವೆ. ನನ್ನ ಅಕ್ಕನ ಮಗನಿಗೆ 21. ನೋವಿನ ಮಾತ್ರೆಯಿಂದ ಶುರುವಾದದ್ದು ಹೆರಾಯಿನ್‌ವರೆಗೆ ಹೋಗಿತ್ತು. 90 ದಿನ ವ್ಯಸನಮುಕ್ತಿ ಕೇಂದ್ರದಲ್ಲಿದ್ದು ಮೂರು ವಾರದ ಹಿಂದೆ ಮನೆಗೆ ಬಂದಿದ್ದಾನೆ. ವೈದ್ಯರು ಬರೆದುಕೊಟ್ಟ ಬ್ಯುಪ್ರೆನಾರ್ಫಿನ್ ಮಾತ್ರೆಯನ್ನು ದಿನಾ ತೆಗೆದುಕೊಳ್ಳುತ್ತಿದ್ದಾನೆ. ಈಗ ಸಂಘ ಎರಡು ಹೋಳಾಗಿದೆ. ಜೂನ್ 26ರ ಮಾದಕವಸ್ತು ವಿರೋಧಿ ದಿನದ ಕಾರ್ಯಕ್ರಮದಲ್ಲಿ ಅವನಿಂದ 'ಗೆದ್ದು ಬಂದ ಕಥೆ' ಹೇಳಿಸಬೇಕು ಅಂತ ಒಂದು ಗುಂಪು. ಅವನು ಮೈದಾನಕ್ಕೇ ಕಾಲಿಡಬಾರದು ಅಂತ ಇನ್ನೊಂದು, ಅದರಲ್ಲಿ ಕೆಲವು ಪೋಷಕರೂ ಇದ್ದಾರೆ. 'ಆ ಮಾತ್ರೆಯೂ ನಶೆಯೇ ತಾನೆ, ಬಿಟ್ಟ ಮೇಲೆ ಬರಲಿ' ಅಂತ ಹಿರಿಯರೊಬ್ಬರ ಮಾತು. ಅವನು ನನ್ನ ಹತ್ತಿರ ಹೇಳಿದ್ದು ಇಷ್ಟೇ: 'ಮಾವ, ನಂಗೆ ಭಾಷಣ ಗೀಷಣ ಬೇಡ, ಆಡೋಕೆ ಬಿಟ್ರೆ ಸಾಕು.' ಅಕ್ಕನ ಮಗ ಅಂತ ಪಕ್ಷಪಾತ ಮಾಡುತ್ತಿದ್ದೇನೆ ಎಂಬ ಆರೋಪ ಈಗಾಗಲೇ ಬಂದಿದೆ. ಭಾನುವಾರ ಸಮಿತಿ ಸಭೆ. ಏನು ಮಾಡಲಿ?

ಉತ್ತರ: ಎರಡೂ ಗುಂಪುಗಳಿಗಿಂತ ನಿಮ್ಮ ಸೋದರಳಿಯನ ಮಾತೇ ಸರಿ. ಅವನನ್ನು ಆಡಲು ಬಿಡಿ, ವೇದಿಕೆ ಹತ್ತಿಸಬೇಡಿ. ಆದರೆ ಅದಕ್ಕಿಂತ ಮೊದಲು ಮಾತ್ರೆಯ ವಿಷಯ ಇತ್ಯರ್ಥವಾಗಬೇಕು. ನಿಮ್ಮ ಪತ್ರದಲ್ಲಿ ನೇರವಾಗಿ ಪ್ರಾಣಕ್ಕೆ ತಾಗುವ ಮಾತು ಅದೇ.

ಹೆರಾಯಿನ್ ಮಿದುಳಿನಲ್ಲಿ ಯಾವ ಗ್ರಾಹಕಗಳನ್ನು (ಔಷಧ ಹೋಗಿ ಅಂಟಿಕೊಳ್ಳುವ ತಾಣಗಳನ್ನು) ಹಿಡಿಯುತ್ತದೋ ಬ್ಯುಪ್ರೆನಾರ್ಫಿನ್ ಅವನ್ನೇ ಇನ್ನೂ ಬಿಗಿಯಾಗಿ ಹಿಡಿದು ಕೂರುತ್ತದೆ. ಆದರೆ ಪೂರ್ತಿ ಕೆರಳಿಸುವುದಿಲ್ಲ. ಒಂದು ಮಟ್ಟ ದಾಟಿದ ಮೇಲೆ ಪ್ರಮಾಣ ಹೆಚ್ಚಿಸಿದರೂ ಅದರ ಪರಿಣಾಮ ಏರುತ್ತಾ ಹೋಗುವುದಿಲ್ಲ. ಹೀಗಾಗಿ ಸರಿಯಾದ ಪ್ರಮಾಣದಲ್ಲಿ ತೆಗೆದುಕೊಳ್ಳುವವನಿಗೆ ಮೈನಡುಕ, ಚಡಪಡಿಕೆ, ಹಂಬಲ ತಗ್ಗುತ್ತದೆ. ಅವನು ಓದಬಲ್ಲ, ದುಡಿಯಬಲ್ಲ, ಚೆಂಡಿನ ಹಿಂದೆ ಓಡಬಲ್ಲ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ, ಇದೇ ಚಿಕಿತ್ಸೆಗೆ ಬಳಸುವ ಮೆಥಡೋನ್ ಎಂಬ ಔಷಧದ ಜೊತೆಗೆ ಇದನ್ನೂ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಸಕ್ಕರೆ ಕಾಯಿಲೆಯ ಹುಡುಗನಿಗೆ 'ಇನ್ಸುಲಿನ್ ಬಿಟ್ಟ ಮೇಲೆ ತಂಡಕ್ಕೆ ಬಾ' ಎಂದು ಆ ಹಿರಿಯರು ಹೇಳುತ್ತಿರಲಿಲ್ಲ.

ಯಾರದೋ ಮಾತಿಗೆ ಕಟ್ಟುಬಿದ್ದು ಅವನು ಮಾತ್ರೆ ನಿಲ್ಲಿಸಿದರೆ ಆಗುವುದೇನು? ಕೆಲವೇ ದಿನಗಳಲ್ಲಿ ಹಂಬಲ ಮರಳುತ್ತದೆ. ಈ ತಿಂಗಳುಗಳಲ್ಲಿ ಅವನ ದೇಹ ಹಳೆಯ ತಾಳಿಕೆಯನ್ನು ಕಳೆದುಕೊಂಡಿರುತ್ತದೆ. ಹಿಂದೆ ದಿನಾ ತೆಗೆದುಕೊಳ್ಳುತ್ತಿದ್ದ ಪ್ರಮಾಣವೇ ಈಗ ಉಸಿರು ನಿಲ್ಲಿಸಬಹುದು. ಕೇಂದ್ರದಿಂದಲೋ ಜೈಲಿನಿಂದಲೋ ಹೊರಬಂದ ಮೊದಲ ವಾರಗಳಲ್ಲಿ ಸಾವು ಹೆಚ್ಚಿರುವುದು ಇದೇ ಕಾರಣಕ್ಕೆ. ಮಾತ್ರೆ ಎಷ್ಟು ಕಾಲ, ಯಾವಾಗ ಇಳಿಸುವುದು ಎನ್ನುವುದು ಅವನಿಗೂ ವೈದ್ಯರಿಗೂ ಬಿಟ್ಟದ್ದು. ಸಂಘದ ಕಾರ್ಯಸೂಚಿಯಲ್ಲಿ ಅದು ಬರಲೇಬಾರದು.

ಈ ಮಾತ್ರೆಯಿಂದಾಗಿ ಮೈದಾನದಲ್ಲಿ ಕೆಲವು ಬದಲಾವಣೆ ಬೇಕಾಗುತ್ತದೆ. ಅದನ್ನು ನುಂಗಬಾರದು, ನಾಲಿಗೆಯಡಿ ಇಟ್ಟು ಪೂರ್ತಿ ಕರಗಿಸಬೇಕು. ಹತ್ತು ನಿಮಿಷವಾದರೂ ಹಿಡಿಯಬಹುದು, ಅಷ್ಟು ಹೊತ್ತು ಮಾತು, ನೀರು ಏನೂ ಇಲ್ಲ. ಕರಗಿದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ, ಹಲ್ಲುಜ್ಜಲು ಒಂದು ಗಂಟೆ ಕಾಯಬೇಕು, ಇಲ್ಲದಿದ್ದರೆ ಹಲ್ಲು ಹಾಳಾಗಬಹುದು. ಪಂದ್ಯದ ದಿನ ಬೆಳಿಗ್ಗೆ ಅವಸರದಲ್ಲಿ ಎಬ್ಬಿಸಿ ಕರೆದೊಯ್ಯುವಾಗ ತಪ್ಪುವುದು ಇಲ್ಲೇ. ಮಾತ್ರೆ ಮನೆಯಲ್ಲಿ ಬೀಗದಡಿ ಇರಲಿ. ಮಗುವೊಂದು ಬಾಯಿಗೆ ಹಾಕಿಕೊಂಡರೆ ಅಪಾಯ. ತಂಡದ ಪ್ರಥಮ ಚಿಕಿತ್ಸೆ ಪೆಟ್ಟಿಗೆಯನ್ನು ಇವತ್ತೇ ತೆರೆದು ನೋಡಿ. ಟ್ರಮಡಾಲ್ ಎಂಬ ನೋವಿನ ಮಾತ್ರೆ ಇದ್ದರೆ, ಕೋಡೀನ್ ಇರುವ ಕೆಮ್ಮಿನ ಔಷಧವಿದ್ದರೆ ತೆಗೆದುಹಾಕಿ, ಎರಡೂ ಹೆರಾಯಿನ್‌ನ ಗುಂಪಿನವೇ. ಐಸ್, ಬ್ಯಾಂಡೇಜ್, ಪ್ಯಾರಾಸಿಟಮಾಲ್ ಸಾಕು. ಇದು ಅವನೊಬ್ಬನಿಗಲ್ಲ, ಎಲ್ಲ ಹುಡುಗರಿಗೂ. ಅವನ ದಾರಿಯೂ ನೋವಿನ ಮಾತ್ರೆಯಿಂದಲೇ ಶುರುವಾದದ್ದಲ್ಲವೇ? ಅವನಿಗೆ ದೊಡ್ಡ ಪೆಟ್ಟು ಬಿದ್ದರೆ, ಬ್ಯುಪ್ರೆನಾರ್ಫಿನ್ ತೆಗೆದುಕೊಳ್ಳುತ್ತಾನೆಂದು ಆಸ್ಪತ್ರೆಯಲ್ಲಿ ಮೊದಲೇ ಹೇಳಬೇಕು, ನೋವು ನಿವಾರಣೆಯ ಲೆಕ್ಕವೇ ಬೇರೆಯಾಗುತ್ತದೆ.

ಇನ್ನು ವೇದಿಕೆ. ಹೇಳಿಸಬೇಕು ಅನ್ನುವವರ ಮನಸ್ಸು ಒಳ್ಳೆಯದೇ. ಆದರೆ ಮನೆಗೆ ಬಂದು ಮೂರು ವಾರವಾದವನ ಕೊರಳಿಗೆ 'ಗೆದ್ದವನು' ಎಂಬ ಹಾರ ಹಾಕಿದರೆ ನಾಳೆ ಒಮ್ಮೆ ಕಾಲು ಜಾರಿದಾಗ ಅವನು ಯಾರಿಗೂ ಹೇಳಲಾರ. ಇಡೀ ಬಡಾವಣೆಯ ಚಪ್ಪಾಳೆಗೆ ದ್ರೋಹ ಬಗೆದೆ ಅನ್ನಿಸಿ ಮುಚ್ಚಿಡುತ್ತಾನೆ. ಬಾಗಿಲು ಹಾಕಿಕೊಂಡು ಒಬ್ಬನೇ ತೆಗೆದುಕೊಂಡವನ ಉಸಿರು ನಿಂತರೆ ನೋಡುವವರು ಯಾರೂ ಇರುವುದಿಲ್ಲ. ಕೇಳುವ ಮಕ್ಕಳಿಗಾದರೂ ಉಪಯೋಗವೇ ಎಂದರೆ, ಅದೂ ಇಲ್ಲ. ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿ ಹೊರತಂದಿರುವ ವ್ಯಸನ ತಡೆಯ ಅಂತರರಾಷ್ಟ್ರೀಯ ಮಾನದಂಡಗಳು, ಬಿಟ್ಟವರಿಂದ ಅನುಭವ ಹೇಳಿಸುವುದನ್ನೂ ಹೆದರಿಸುವ ಭಾಷಣವನ್ನೂ ಫಲ ಕೊಡದ, ಕೆಲವೊಮ್ಮೆ ತಿರುಗುಬಾಣವಾಗುವ ವಿಧಾನಗಳ ಸಾಲಿನಲ್ಲೇ ಇಟ್ಟಿವೆ. ಹದಿಹರೆಯದ ಕಿವಿಗೆ ಕೊನೆಗೆ ಉಳಿಯುವುದು 'ಇವನು ಎಲ್ಲ ಮಾಡಿ, ಬಿಟ್ಟು, ಈಗ ಮೈಕ್ ಹಿಡಿದಿದ್ದಾನೆ' ಎನ್ನುವುದಷ್ಟೇ.

ಏನು ಫಲ ಕೊಡುತ್ತದೆ ಎನ್ನುವುದಕ್ಕೆ ಐಸ್‌ಲ್ಯಾಂಡ್ ನೋಡಿ. ಅಲ್ಲಿ 15–16ರ ವಯಸ್ಸಿನವರಲ್ಲಿ ಹಿಂದಿನ ತಿಂಗಳೊಳಗೆ ಕುಡಿದು ಅಮಲೇರಿದ್ದವರು 1998ರಲ್ಲಿ ಶೇ. 42 ಇದ್ದರು, 2016ರ ಹೊತ್ತಿಗೆ ಶೇ. 5. ಮಕ್ಕಳು ಆಟಕ್ಕೋ ಸಂಗೀತಕ್ಕೋ ಸೇರಲು ಅಲ್ಲಿನ ಊರಾಡಳಿತಗಳು ಹಣ ಕೊಟ್ಟವು, ತರಬೇತಾದ ಹಿರಿಯರು ಜೊತೆಗಿದ್ದರು, ರಾತ್ರಿ ಮಕ್ಕಳು ಹೊರಗಿರಬಾರದ ಹೊತ್ತು ನಿಗದಿಯಾಯಿತು, ಪೋಷಕರು ಸರದಿಯಲ್ಲಿ ಬೀದಿ ಸುತ್ತಿದರು, ಮಕ್ಕಳ ಅಭ್ಯಾಸಗಳ ಬಗ್ಗೆ ಶಾಲೆಗಳಲ್ಲಿ ನಡೆಸಿದ ಸಮೀಕ್ಷೆಯ ಫಲಿತಾಂಶ ಆಯಾ ಊರಿಗೆ ಬೇಗ ತಲುಪಿತು. ವರ್ಷಕ್ಕೊಂದು ಜಾಥಾದಿಂದ ಇದು ಆದದ್ದಲ್ಲ. ನಿಮ್ಮ ಸಂಘ ದಿನಾ ಸಂಜೆ ಮಾಡುತ್ತಿರುವ ಕೆಲಸವೇ ನಿಜವಾದ ತಡೆಗಟ್ಟುವಿಕೆ. ಜೂನ್ 26ಕ್ಕೆ ಪೋಷಕರನ್ನು ಮೈದಾನಕ್ಕೆ ಕರೆಯಿರಿ, ಸಂಜೆಯ ಹೊಣೆಯನ್ನು ಯಾರು ಯಾವ ವಾರ ಹೊರುತ್ತಾರೆ ಎಂಬ ಪಟ್ಟಿಗೆ ಹೆಸರು ಬರೆಸಿಕೊಳ್ಳಿ.

ದೂರವಿಡಿ ಅನ್ನುವ ಪೋಷಕರ ಭಯವನ್ನು ತಳ್ಳಿಹಾಕಬೇಡಿ, ಅದರಲ್ಲಿ ಅರ್ಧ ಸತ್ಯವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಡಿಶಿಯನ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದಂತೆ, ತೊಂದರೆಯಲ್ಲಿರುವ ಹುಡುಗರನ್ನೇ ಒಟ್ಟುಗೂಡಿಸಿ ಗುಂಪು ಮಾಡಿದರೆ ಒಬ್ಬರ ಕೆಟ್ಟ ನಡತೆಗೆ ಇನ್ನೊಬ್ಬರ ನಗು ಗೊಬ್ಬರವಾಗಿ ಎಲ್ಲರೂ ಇನ್ನಷ್ಟು ಹದಗೆಡಬಹುದು. ಆದ್ದರಿಂದ 'ಬಿಟ್ಟು ಬಂದವರ ಪ್ರತ್ಯೇಕ ತಂಡ' ಎಂಬ ಸಲಹೆ ಯಾರಾದರೂ ತಂದರೆ ಒಪ್ಪಬೇಡಿ. ನಿಯಮವೂ ಹಿರಿಯರ ಕಣ್ಣೂ ಇರುವ, ಆಟದ ಮೇಲೇ ಗಮನವಿರುವ ತಂಡಕ್ಕೆ ಒಬ್ಬ ಮರಳಿ ಬರುವುದು ಬೇರೆ ಮಾತು. ಅವನನ್ನು ಅಲ್ಲಿಂದ ಹೊರಗಟ್ಟಿದರೆ ಸಂಜೆ ಆರರ ಮೇಲೆ ಬಾ ಅನ್ನುವವರು ಅವನ ಹಳೆಯ ಗೆಳೆಯರು ಮಾತ್ರ.

ಬರಿಗೈಯಲ್ಲಿ ಬಾ ಎಂದರೂ ಸಾಲದು, ಕೆಲಸ ಕೊಡಿ. ಮೊದಲ ನಾಲ್ಕು ವಾರ: ವಾರಕ್ಕೆ ಮೂರು ನಿಗದಿತ ಸಂಜೆ ಅಭ್ಯಾಸ, ಜೊತೆಗೆ ಚೆಂಡು, ಕೋನ್, ಜೆರ್ಸಿಗಳನ್ನು ಎಣಿಸಿ ತೆಗೆದು ಎಣಿಸಿ ಇಡುವ ಹೊಣೆ. ಅವನು ಬಾರದಿದ್ದರೆ ಅಭ್ಯಾಸ ತಡವಾಗಬೇಕು, ಅಂಥ ಕೆಲಸ ಅದು. ತನ್ನನ್ನು ಯಾರೋ ಕಾಯುತ್ತಿದ್ದಾರೆ ಎನ್ನುವುದು ಈ ಹಂತದಲ್ಲಿ ಬಹಳ ದೊಡ್ಡದು. ನಾಲ್ಕು ವಾರ ಸರಿಯಾಗಿ ನಡೆದರೆ ಪಂದ್ಯದ ಅಂಕಪಟ್ಟಿ ಬರೆಯುವ ಕೆಲಸ, ಆಮೇಲೆ ಇನ್ನೊಬ್ಬರ ಜೊತೆ ಸೇರಿ ಚಿಕ್ಕವರ ಅಭ್ಯಾಸ. ಹಣದ ಪೆಟ್ಟಿಗೆ ಮಾತ್ರ ಸದ್ಯಕ್ಕೆ ಬೇಡ. ಕೈಯಲ್ಲಿ ನೋಟು ಇರುವುದೇ ಹಂಬಲ ಕೆರಳಿಸುವುದುಂಟು, ಕೇಳಿದರೆ ಅವನೇ ಹೇಳಿಯಾನು. ಒಂದೇ ದಿನ ನಾಯಕನನ್ನಾಗಿ ಮಾಡುವ ಉತ್ಸಾಹವೂ ಬೇಡ. ಭಾರ ಹೆಚ್ಚಾಗಿ, ನಿದ್ದೆ ಕೆಟ್ಟು, ಅದೇ ಜಾರಲು ದಾರಿಯಾಗುತ್ತದೆ. ವೈದ್ಯರ ಭೇಟಿ, ಆಪ್ತಸಮಾಲೋಚನೆ ಇರುವ ದಿನ ಅಭ್ಯಾಸ ತಪ್ಪಿಸಲು ಪೂರ್ತಿ ಅನುಮತಿ ಇರಲಿ.

ಹಂಬಲ ಅಲೆಯ ಹಾಗೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಏರಿ ಇಳಿಯುತ್ತದೆ. ಹಸಿವು, ಸಿಟ್ಟು, ಒಂಟಿತನ, ದಣಿವು ಇದ್ದಾಗ ಜೋರು. ಅಭ್ಯಾಸ ಮುಗಿದ ಮೇಲಿನ ಹೊತ್ತಿನಲ್ಲಿ ಈ ನಾಲ್ಕೂ ಒಟ್ಟಿಗೆ ಸೇರಬಹುದು. ಆದ್ದರಿಂದ ಆಟ ಮುಗಿದ ಕೂಡಲೇ ತಿನ್ನಲು ಏನಾದರೂ ಇರಲಿ, ಮನೆಯವರೆಗೆ ಒಬ್ಬ ಆಟಗಾರ ಜೊತೆಗೆ ನಡೆಯಲಿ. ಅವನ ಮನೆಯ ದಾರಿ ಹಳೆಯ ಅಡ್ಡೆಯ ಮುಂದೆ ಹಾಯುತ್ತದೆಯೇ ಎಂದು ಕೇಳಿ, ಹಾಯುವುದಾದರೆ ದಾರಿ ಬದಲಿಸಿ.

ಗೆದ್ದ ದಿನ ತಂಡ ಏನು ಮಾಡುತ್ತದೆ? ಕುಡಿಯುವ ಪಾರ್ಟಿ ಇದೆಯಾದರೆ ಅದು ನಿಲ್ಲಬೇಕು. ಬ್ಯುಪ್ರೆನಾರ್ಫಿನ್ ಮೇಲೆ ಮದ್ಯವೋ ನಿದ್ದೆ ಮಾತ್ರೆಯೋ ಬಿದ್ದರೆ ಉಸಿರಾಟ ಕುಗ್ಗುತ್ತದೆ. ಅವನನ್ನು ಮನೆಗೆ ಕಳಿಸಿ ಮಿಕ್ಕವರು ಕುಡಿಯುವುದು ಪರಿಹಾರವಲ್ಲ. ಸಂಘದ ಹೆಸರಿನಲ್ಲಿ, ಸಂಘದ ಜಾಗದಲ್ಲಿ, ಸಂಘದ ಪ್ರವಾಸದಲ್ಲಿ ಮದ್ಯವಿಲ್ಲ ಎಂದು ಎಲ್ಲರಿಗೂ ಅನ್ವಯವಾಗುವಂತೆ ಬರೆಯಿರಿ. ನಿಮ್ಮ ಸಂಘಕ್ಕೆ ಇದೇ ಅತ್ಯಂತ ಕಷ್ಟದ ನಿಯಮವಾಗಬಹುದು. ಮುಂದಿನ ಹುಡುಗನನ್ನು ಉಳಿಸುವುದೂ ಇದೇ ನಿಯಮ.

ಜಾರಿದರೆ ಏನು ಎನ್ನುವುದನ್ನು ಜಾರುವ ಮೊದಲೇ ಅವನ ಜೊತೆ ಕೂತು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಶೆಯಲ್ಲಿ ಬಂದ ದಿನ ಆಟವಿಲ್ಲ, ಒಬ್ಬನನ್ನೇ ಕಳಿಸುವುದೂ ಇಲ್ಲ, ಮನೆಯವರಿಗೆ ಫೋನ್, ಮರುದಿನ ವೈದ್ಯರ ಭೇಟಿ, ಅದಾದ ಮೇಲೆ ಮುಂದಿನ ಅಭ್ಯಾಸಕ್ಕೆ ಬರಬಹುದು. ಮೈದಾನದಲ್ಲಿ ಮಾರಿದರೆ, ಹಂಚಿದರೆ ಅಥವಾ ಚಿಕ್ಕವರ ಕೈಗೆ ಕೊಟ್ಟರೆ ಮಾತ್ರ ಹೊರಗೆ. ಈ ಎರಡರ ನಡುವಿನ ಗೆರೆ ಅಳಿಸಿಹೋದ ಕಡೆ ಹುಡುಗರು ಸತ್ಯ ಹೇಳುವುದನ್ನೇ ಬಿಡುತ್ತಾರೆ.

ಹೆರಾಯಿನ್ ಅತಿಯಾಗಿ ಉಸಿರು ಕುಗ್ಗಿದಾಗ ಅದರ ಪ್ರಭಾವವನ್ನು ತಡೆಯುವ ನಾಲೊಕ್ಸೋನ್ ಎಂಬ ಔಷಧದ ಬಗ್ಗೆ ಅವನ ವೈದ್ಯರನ್ನು ಕೇಳಿ, ಸಿಗುವುದಾದರೆ ಮನೆಯಲ್ಲೊಂದು, ಸಂಘದಲ್ಲೊಂದು ಇರಲಿ. ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾಗಿದ್ದರೆ ಅಥವಾ ಗೊರಗೊರ ಸದ್ದು ಬಂದರೆ, ತುಟಿ ನೀಲಿಗಟ್ಟಿದ್ದರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ ಕಾಯಬೇಡಿ. ಆಂಬ್ಯುಲೆನ್ಸ್‌ಗೆ ಫೋನ್ ಮಾಡಿ, ನಾಲೊಕ್ಸೋನ್ ಕೊಡಿ, ಉಸಿರಾಟ ನಿಂತಿದ್ದರೆ ಐದು ಸೆಕೆಂಡಿಗೊಮ್ಮೆ ಬಾಯಿಂದ ಉಸಿರು ತುಂಬಿ. ಎರಡು–ಮೂರು ನಿಮಿಷದಲ್ಲಿ ಚೇತರಿಸದಿದ್ದರೆ ಇನ್ನೊಂದು ಡೋಸ್. ಉಸಿರಾಡತೊಡಗಿದ ಮೇಲೆ ಮಗ್ಗುಲಾಗಿ ಮಲಗಿಸಿ. ಎದ್ದು ಕೂತು 'ನಾನು ಸರಿಯಾಗಿದ್ದೀನಿ' ಎಂದರೂ ಬಿಡಬೇಡಿ: ನಾಲೊಕ್ಸೋನ್ ಪ್ರಭಾವ 30ರಿಂದ 90 ನಿಮಿಷಕ್ಕೆ ಇಳಿಯುತ್ತದೆ, ಹೆರಾಯಿನ್ ಇನ್ನೂ ಮೈಯಲ್ಲಿರಬಹುದು. ಉಪ್ಪುನೀರು ಕುಡಿಸುವುದು, ತಣ್ಣೀರು ಸುರಿಯುವುದು, 'ಮಲಗಿ ಎದ್ದರೆ ಸರಿಹೋಗುತ್ತೆ' ಎಂದು ಬಿಡುವುದು, ಇವುಗಳಲ್ಲಿ ಪ್ರಾಣ ಹೋಗುತ್ತದೆ. ಸಂಘದ ನಾಲ್ಕೈದು ಜನ ಇದನ್ನು ಕಲಿತಿರಲಿ.

ಅಕ್ಕನನ್ನೂ ಮರೆಯಬೇಡಿ. ಕುಡಿತಕ್ಕೆ ಬಿದ್ದವರ ಮನೆಯವರು ಒಟ್ಟಾಗಿ ಕೂರುವ ಆಲ್‌ಅನಾನ್ 1951ರಲ್ಲಿ ಶುರುವಾಯಿತು, ಮಾದಕವಸ್ತುವಿನ ಮನೆಗಳಿಗೂ ಅಂಥ ಗುಂಪುಗಳಿವೆ. ಮಗನ ಜೇಬು ತಡಕುವುದರಲ್ಲೇ ದಿನ ಕಳೆಯುತ್ತಿದ್ದರೆ ಆಕೆಗೂ ಆಸರೆ ಬೇಕು.

ಇನ್ನು ಭಾನುವಾರದ ಸಭೆಯ ವಿಷಯ. ಪಕ್ಷಪಾತದ ಮಾತಿಗೆ ಸಿಟ್ಟಾಗಬೇಡಿ, ಅದಕ್ಕೆ ಉತ್ತರವಿದೆ. 'ಅವನು ನನ್ನ ಅಕ್ಕನ ಮಗ, ಆದ್ದರಿಂದ ಅವನ ಬಗ್ಗೆ ನಾನು ಮತ ಹಾಕುವುದಿಲ್ಲ' ಎಂದು ಮೊದಲೇ ಹೇಳಿ. ಅವನ ದಿನನಿತ್ಯದ ಜವಾಬ್ದಾರಿಯನ್ನೂ ಬೇರೊಬ್ಬ ಹಿರಿಯರಿಗೆ ವಹಿಸಿ. ಅವನಿಗೆ ಮಾವ ಬೇಕು, ಮಾವನೇ ಕಾವಲುಗಾರನಾದರೆ ಮನಸ್ಸು ಬಿಚ್ಚಲು ಯಾರೂ ಉಳಿಯುವುದಿಲ್ಲ. ಸಭೆಯ ಮುಂದೆ ಅವನ ಹೆಸರನ್ನಲ್ಲ, ನಿಯಮಗಳನ್ನು ಇಡಿ: ನಶೆಯಲ್ಲಿ ಬಂದವರಿಗೆ ಆ ದಿನ ಆಟವಿಲ್ಲ, ಚಿಕ್ಕ ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರು, ಯಾರೊಬ್ಬರೂ ಒಂಟಿಯಾಗಿ ಅಲ್ಲ, ಹಣಕ್ಕೆ ಇಬ್ಬರ ಸಹಿ, ಯಾರ ಚಿಕಿತ್ಸೆಯ ವಿಷಯವೂ ಸಭೆಯಲ್ಲಿ ಚರ್ಚೆಯಾಗುವುದಿಲ್ಲ. ಪೋಷಕರಿಗೆ ಬೇಕಾದ ರಕ್ಷಣೆ ಇದರಲ್ಲಿ ಸಿಗುತ್ತದೆ. ತೀರಾ ಗಟ್ಟಿಯಾಗಿ ವಿರೋಧಿಸುವ ಇಬ್ಬರು–ಮೂವರನ್ನು ಸಭೆಗೂ ಮುಂಚೆ ಅವರ ಮನೆಗೇ ಹೋಗಿ ಮಾತಾಡಿಸಿ. ಹತ್ತು ಜನರ ಮುಂದೆ ಆಡಿದ ಮಾತನ್ನು ಹಿಂತೆಗೆದುಕೊಳ್ಳುವುದು ಯಾರಿಗೂ ಸುಲಭವಲ್ಲ.

ಅದಕ್ಕೂ ಮೊದಲು ಅವನ ಜೊತೆ ಕೂತುಕೊಳ್ಳಿ. ತಂಡಕ್ಕೆ ಎಷ್ಟು ಗೊತ್ತಿರಲಿ, ಯಾರಿಗೆ ಗೊತ್ತಿರಲಿ, ಯಾರಾದರೂ ಎದುರಿಗೇ ಕೇಳಿದರೆ ಅವನು ಏನು ಹೇಳಲು ಬಯಸುತ್ತಾನೆ, ಇದನ್ನು ಅವನೇ ತೀರ್ಮಾನಿಸಲಿ. 'ಸ್ವಲ್ಪ ಹುಷಾರಿರಲಿಲ್ಲ, ಈಗ ಪರವಾಗಿಲ್ಲ' ಎಂಬಷ್ಟೇ ಉತ್ತರ ಅವನಿಗೆ ಸಾಕಾದರೆ ನಿಮಗೂ ಸಾಕಾಗಲಿ. ಜೂನ್ 26ರ ಕರಪತ್ರದಲ್ಲಿ ಅವನ ಹೆಸರು ಈಗಾಗಲೇ ಅಚ್ಚಿಗೆ ಹೋಗಿದೆಯೇ ಎಂದು ಇವತ್ತೇ ವಿಚಾರಿಸಿ, ಹೋಗಿದ್ದರೆ ತೆಗೆಸಿ.