ಒಂದೇ ಹೆಸರಿನ ಗಣ್ಯರ ಮೇಲೆ ಕ್ವಿಜ್ ಸುತ್ತು: ರಾಜ್‌ಕುಮಾರ್, ವಿಶ್ವನಾಥ್, ಚಂದ್ರಶೇಖರ್, ಇವುಗಳಲ್ಲಿ ಯಾವುದು ಒಳ್ಳೇದು?

ಬಡಾವಣೆಯ ಗಣೇಶೋತ್ಸವ, ಕ್ವಿಜ್ ಜವಾಬ್ದಾರಿ, ‘ಒಂದೇ ಹೆಸರು, ಬೇರೆ ಬೇರೆ ಕ್ಷೇತ್ರ’ ಅನ್ನೋ ಸುತ್ತು. ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನಗು ಬಂತು, ಸ್ವಲ್ಪ ಹೊಟ್ಟೆಯೂ ಉರಿಯಿತು. ನಿಮ್ಮ ಪಟ್ಟಿಯ ಮೂರನೇ ಹೆಸರನ್ನು ನಾನು ಆಗಲೇ ಆಡಿಸಿ ಕೈ ಸುಟ್ಟುಕೊಂಡವನು.

ಮೊದಲೆರಡನ್ನು ಬೇಗ ಮುಗಿಸಿಬಿಡುತ್ತೇನೆ. ರಾಜ್‌ಕುಮಾರ್ ಬೇಡ. ನಮ್ಮ ಅಣ್ಣಾವ್ರು ಹುಟ್ಟಿದ್ದು ಮುತ್ತುರಾಜ್ ಆಗಿ. ಹಿಂದಿಯ ರಾಜ್‌ಕುಮಾರ್ ಅವರ ಹುಟ್ಟುಹೆಸರು ಕುಲಭೂಷಣ್ ಪಂಡಿತ್. ಇಬ್ಬರದೂ ಸಿನಿಮಾಕ್ಕೆ ಅಂತ ಬಂದ ಹೆಸರು, ಕ್ಷೇತ್ರವೂ ಒಂದೇ. ವಿಶ್ವನಾಥ್ ಅಂದರೆ ಗುಂಡಪ್ಪ ವಿಶ್ವನಾಥ್ ಅಂತ ಇಡೀ ಪೆಂಡಾಲೇ ಕೂಗುತ್ತದೆ. ಅದಾದ ಮೇಲೆ ತೆಲುಗು ನಿರ್ದೇಶಕ ಕೆ. ವಿಶ್ವನಾಥ್ ತನಕ ನಾಲ್ಕು ಜನ ಬರಬಹುದು. ವಿ.ಪಿ. ಸಿಂಗ್ ಅವರ ‘ವಿ’ ಅಂದರೂ ವಿಶ್ವನಾಥವೇ ಅಂತ ಯಾರಿಗೂ ಹೊಳೆಯಲ್ಲ. ಈ ‘ವಿ’ಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನನ್ನ ಮರ್ಯಾದೆ ಹೋಗಿದ್ದು ಇಂಥದ್ದೇ ಒಂದು ಅಕ್ಷರದಿಂದ.

ನನ್ನ ಹೆಸರೂ ಚಂದ್ರಶೇಖರವೇ. ಹೈಸ್ಕೂಲಿನ ನಮ್ಮ ಸೆಕ್ಷನ್‌ನಲ್ಲಿ ಆ ಹೆಸರಿನವರು ಎಷ್ಟು ಜನ ಇದ್ದೆವು ಅಂದರೆ, ಹಾಜರಿ ಕರೆಯುವಾಗ ಹೆಸರು ಹೇಳುತ್ತಲೇ ಇರಲಿಲ್ಲ, ಇನಿಷಿಯಲ್ ಕೂಗಿದರೆ ಎದ್ದು ನಿಲ್ಲುತ್ತಿದ್ದೆವು. ಈಗಲೂ ನಮ್ಮ ಬೀದಿಯಲ್ಲಿ ನಾನು ಎಲ್‌ಐಸಿ ಚಂದ್ರು. ಹಾಲಿನ ಬೂತಿನವನು ಬೂತ್ ಚಂದ್ರು. ಹಾಗಾಗಿ ಆ ಸುತ್ತಿಗೆ ಹೆಸರು ಹುಡುಕೋ ಕಷ್ಟವೇ ಬರಲಿಲ್ಲ. ರಾತ್ರಿ ಊಟ ಆದ ಮೇಲೆ ಕೂತು ಕಾರ್ಡ್ ಬರೆಯೋದು, ಹೆಂಡತಿಗೆ ಓದಿ ಹೇಳೋದು, ಅವಳು ಆಕಳಿಸೋದು. ಆ ದಿನಗಳು ಚೆನ್ನಾಗಿದ್ದವು.

ಸರಕು ಕೂಡ ಸಾಮಾನ್ಯದ್ದಲ್ಲ. ಮೊದಲ ಕಾರ್ಡ್ ಇದು. 1971ರ ಆಗಸ್ಟ್ 24, ಲಂಡನ್ನಿನ ಓವಲ್ ಮೈದಾನ. ಅವತ್ತು ಗಣೇಶ ಚತುರ್ಥಿ. ಅಭಿಮಾನಿಗಳು ಚೆಸಿಂಗ್ಟನ್ ಮೃಗಾಲಯದಿಂದ ಬೆಲ್ಲಾ ಅನ್ನೋ ಆನೆಯನ್ನು ಮೈದಾನಕ್ಕೆ ಕರೆತಂದರು. ಅವತ್ತೇ ಭಾರತ ಇಂಗ್ಲೆಂಡ್ ನೆಲದಲ್ಲಿ ಮೊದಲ ಟೆಸ್ಟ್ ಗೆದ್ದಿತು. ಹಿಂದಿನ ದಿನ 38 ರನ್ ಕೊಟ್ಟು 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದ್ದ ಮೈಸೂರಿನ ಹುಡುಗ ಯಾರು? ಗಣೇಶೋತ್ಸವಕ್ಕೆ ಇದಕ್ಕಿಂತ ಒಳ್ಳೇ ಪ್ರಶ್ನೆ ಬೇಕಾ ಹೇಳಿ! ಬಿ.ಎಸ್. ಚಂದ್ರಶೇಖರ್. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಬಲಗೈ ಸೊರಗಿತ್ತು. ಫೀಲ್ಡಿಂಗ್‌ನಲ್ಲಿ ಚೆಂಡು ಎಸೆಯೋಕೆ ಎಡಗೈ ಬಳಸುತ್ತಿದ್ದರು, ಬೌಲಿಂಗ್‌ಗೆ ಮಾತ್ರ ಅದೇ ಸೊರಗಿದ ಬಲಗೈ. 58 ಟೆಸ್ಟ್, 242 ವಿಕೆಟ್. ಬ್ಯಾಟಿಂಗ್‌ನಲ್ಲಿ ಹೊಡೆದ ರನ್ 167, ಅಂದರೆ ವಿಕೆಟ್‌ಗಿಂತ ಕಮ್ಮಿ. ಇದನ್ನು ಹೇಳಿದಾಗ ಹಿಂದಿನ ಸಾಲಿನ ಹುಡುಗರೂ ಮೊಬೈಲ್ ಕೆಳಗಿಟ್ಟರು.

ಎರಡನೆಯದು ಪ್ರಧಾನಿ ಚಂದ್ರಶೇಖರ್. 1983ರಲ್ಲಿ ಕನ್ಯಾಕುಮಾರಿಯಿಂದ ದೆಹಲಿಯ ರಾಜಘಾಟ್ ತನಕ ನಡೆದವರು. 1990ರ ನವೆಂಬರ್‌ನಲ್ಲಿ ಪ್ರಧಾನಿ ಆದರು, ಅದಕ್ಕೂ ಮೊದಲು ಒಂದು ದಿನಕ್ಕೂ ಮಂತ್ರಿ ಆಗಿದ್ದವರಲ್ಲ. ಮೂರನೆಯದು ಕ್ರಾಂತಿಕಾರಿ ಚಂದ್ರಶೇಖರ್ ಆಜಾದ್, 1931ರ ಫೆಬ್ರವರಿ 27ಕ್ಕೆ ಅಲಹಾಬಾದಿನ ಆಲ್‌ಫ್ರೆಡ್ ಪಾರ್ಕ್‌ನಲ್ಲಿ ಹುತಾತ್ಮರಾದವರು. ತೆಲಂಗಾಣದ ಮೊದಲ ಮುಖ್ಯಮಂತ್ರಿ ಕೆ. ಚಂದ್ರಶೇಖರ್ ರಾವ್ ಸುಲಭದ ಪ್ರಶ್ನೆ, ಸುಮ್ನೆ ಮಕ್ಕಳಿಗೆ ಅಂತ ಇಟ್ಟಿದ್ದೆ.

ಕನ್ನಡದವರ ಕಾರ್ಡ್ ಬರೆಯುವಾಗಲೇ ನನಗೆ ಒಂದು ಎಚ್ಚರಿಕೆ ಸಿಕ್ಕಿತ್ತು. ‘ಉತ್ತರ ಕರ್ನಾಟಕದ ಕವಿ, ನಾಟಕಕಾರ, ಹೆಸರಿನಲ್ಲಿ ಚಂದ್ರಶೇಖರ ಇದೆ’ ಅಂತ ಬರೆದಿದ್ದೆ. ನನ್ನ ಮನಸ್ಸಿನಲ್ಲಿದ್ದದ್ದು ಘೋಡಗೇರಿಯ ಚಂದ್ರಶೇಖರ ಕಂಬಾರರು. ಓದಿ ಹೇಳಿದಾಗ ಹೆಂಡತಿ, ‘ಚಂಪಾ ಅಲ್ವಾ?’ ಅಂದಳು. ಹೌದಲ್ಲ! ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲರೂ ಉತ್ತರ ಕರ್ನಾಟಕದವರೇ, ಕವಿಯೇ, ನಾಟಕಕಾರರೇ. ತಕ್ಷಣ ಕಾರ್ಡಿಗೆ ಜ್ಞಾನಪೀಠ ಸೇರಿಸಿದೆ, ಅದು ಕಂಬಾರರೊಬ್ಬರಿಗೇ ಹೊಂದುತ್ತದೆ. ಒಂದು ತೂತು ಮುಚ್ಚಿದೆ ಅಂತ ಖುಷಿಯಾಗಿ ಮಲಗಿದೆ. ಮಿಕ್ಕ ಕಾರ್ಡುಗಳನ್ನು ಅದೇ ಕಣ್ಣಿನಿಂದ ಇನ್ನೊಮ್ಮೆ ನೋಡಲಿಲ್ಲ.

ಈಗ ತಪ್ಪು ಎಲ್ಲಿ ಆಯಿತು ಅಂತ ಬಿಡಿಸಿ ಹೇಳುತ್ತೇನೆ. ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇದನ್ನು ನಾನು ತಲೆಯಲ್ಲಿ ಎಷ್ಟು ಸಲ ತಿರುಗಿಸಿದ್ದೇನೋ ನನಗೇ ಗೊತ್ತಿಲ್ಲ.

ನೊಬೆಲ್ ಕಾರ್ಡಿನಲ್ಲಿ ಮೊದಲು ಬರೆದಿದ್ದು, ‘ನೊಬೆಲ್ ಪಡೆದ ಭೌತವಿಜ್ಞಾನಿ ಚಂದ್ರಶೇಖರ್ ಅವರ ಪೂರ್ತಿ ಹೆಸರೇನು?’ ಅಂತ. ಅದು ಸರಿಯಾಗಿಯೇ ಇತ್ತು. ಆದರೆ ಕಂಬಾರ, ಆಜಾದ್, ರಾವ್ ಇವರಿಗೆಲ್ಲ ಚಂದ್ರಶೇಖರದ ಜೊತೆ ಇನ್ನೊಂದು ಹೆಸರಿದೆ. ಸುತ್ತಿನ ಎಲ್ಲ ಪ್ರಶ್ನೆಗಳೂ ಒಂದೇ ಥರ ಕೇಳಿಸಲಿ ಅಂತ ಕೊನೇ ರಾತ್ರಿ ಎಲ್ಲ ಕಾರ್ಡಿಗೂ ಒಂದೇ ಒಕ್ಕಣೆ ಹಾಕಿದೆ: ‘ಹೆಸರಿನಲ್ಲಿ ಚಂದ್ರಶೇಖರ ಇರುವ...’ ಕಾರ್ಡು ಹೀಗಾಯಿತು: ‘ಹೆಸರಿನಲ್ಲಿ ಚಂದ್ರಶೇಖರ ಇರುವ, ನೊಬೆಲ್ ಪಡೆದ ಭಾರತ ಮೂಲದ ಭೌತವಿಜ್ಞಾನಿ ಯಾರು?’ ಅಂದಕ್ಕೆ ಅಂತ ಮಾಡಿದ್ದು. ಯಾರೂ ಕೇಳಿರಲಿಲ್ಲ.

ಬಜರ್ ಮೊದಲು ಒತ್ತಿದ್ದು ನಮ್ಮ ಬಡಾವಣೆಯ ರಿಟೈರ್ಡ್ ಗಣಿತದ ಮೇಷ್ಟ್ರು. ಅವರ ಜೊತೆ ಇಬ್ಬರು ಹೈಸ್ಕೂಲ್ ಹುಡುಗಿಯರು. ಮೇಷ್ಟ್ರು ಮೈಕ್ ಹತ್ತಿರ ಬಾಗಿ, ‘ಸರ್ ಸಿ.ವಿ. ರಾಮನ್’ ಅಂದರು.

ನಾನು ನಕ್ಕೆ. ಬರೀ ನಕ್ಕಿದ್ದರೆ ಪರವಾಗಿರಲಿಲ್ಲ. ‘ಮೇಷ್ಟ್ರಿಗೆ ರಾಮನ್ ಎಫೆಕ್ಟ್ ಇನ್ನೂ ಇಳಿದಿಲ್ಲ ಅಂತ ಕಾಣುತ್ತೆ’ ಅಂತ ಮೈಕಿನಲ್ಲಿ ಹೇಳಿದೆ. ಪೆಂಡಾಲೆಲ್ಲ ನಗು. ಮೇಷ್ಟ್ರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು, ‘ಚಂದ್ರು, ಅವರ ಹೆಸರಿನ ಸಿ ಅಂದ್ರೆ ಏನಪ್ಪ?’ ಅಂತ ಕೇಳಿದರು. ಮೆತ್ತಗೆ ಕೇಳಿದರು. ನಾನು ಕೈಯಲ್ಲಿದ್ದ ಕಾರ್ಡ್ ನೋಡಿದೆ. ಉತ್ತರದ ಜಾಗದಲ್ಲಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅಂತ ಇತ್ತು. ‘ಟೈಮ್ ಆಯ್ತು ಸಾರ್, ಕ್ವಿಜ್ ಮಾಸ್ಟರ್ ತೀರ್ಮಾನವೇ ಅಂತಿಮ’ ಅಂದು ಮೈನಸ್ ಹಾಕಿ, ಪ್ರಶ್ನೆಯನ್ನು ಪಕ್ಕದ ತಂಡಕ್ಕೆ ದಾಟಿಸಿದೆ. ಅವರು ಸರಿ ಹೇಳಿದರು. ಕಪ್ ಅವರಿಗೇ ಹೋಯಿತು. ಆ ತಂಡದಲ್ಲಿ ಸಂಘದ ಅಧ್ಯಕ್ಷರ ಮಗ ಇದ್ದ.

ಸಿ.ವಿ. ರಾಮನ್ ಅಂದರೆ ಚಂದ್ರಶೇಖರ ವೆಂಕಟ ರಾಮನ್. ಇದು ನಾನು ಓದಿದ್ದ ವಿಷಯವೇ. ಇನಿಷಿಯಲ್ ಹೇಳಿಕೊಂಡೇ ಹೈಸ್ಕೂಲ್ ಮುಗಿಸಿದವನ ಕಣ್ಣಿಗೆ ಆ ಸಿ ಬೀಳಲಿಲ್ಲ. ನನ್ನ ಪ್ರಶ್ನೆಯ ಪ್ರಕಾರ ಮೇಷ್ಟ್ರ ಉತ್ತರ ನೂರಕ್ಕೆ ನೂರು ಸರಿ. ಹೆಸರಿನಲ್ಲಿ ಚಂದ್ರಶೇಖರ ಇದೆ, ನೊಬೆಲ್ ಇದೆ, ಭೌತವಿಜ್ಞಾನಿ ಹೌದು. ಹಾಗೆ ನೋಡಿದರೆ ಅವರ ಉತ್ತರ ನನ್ನದಕ್ಕಿಂತ ಹಳೆಯದು. ರಾಮನ್‌ಗೆ ಬಂದಿದ್ದು 1930ರಲ್ಲಿ, ಚಂದ್ರಶೇಖರ್‌ಗೆ 1983ರಲ್ಲಿ.

ಆಮೇಲೆ ಆಗಿದ್ದು ಊಹಿಸಬಹುದು. ಅಧ್ಯಕ್ಷರ ಮಗನಿಗೆ ಬೇಕಂತಲೇ ಕಪ್ ಕೊಡಿಸಿದೆ ಅಂತ ಮಾತು ಹಬ್ಬಿತು. ಅದು ಸುಳ್ಳು, ಆದರೆ ಯಾರ ಹತ್ತಿರ ಹೋಗಿ ಸುಳ್ಳು ಅಂತ ಹೇಳೋದು? ನನ್ನ ಮಗಳು ಮೇಷ್ಟ್ರ ಹತ್ತಿರ ಗಣಿತ ಹೇಳಿಸಿಕೊಳ್ಳುತ್ತಿದ್ದಳು. ಅವರೇನೂ ಬೇಡ ಅನ್ನಲಿಲ್ಲ. ನನಗೇ ಮುಖ ಇಲ್ಲದೆ ಅವಳನ್ನು ದುಡ್ಡು ಕೊಟ್ಟು ಟ್ಯೂಷನ್‌ಗೆ ಹಾಕಿದೆ. ಅವಳಿಗೆ ಅದು ಹಿಡಿಸಲೇ ಇಲ್ಲ. ಮುಂದಿನ ವರ್ಷ ಸಂಘದವರು ಕ್ವಿಜ್ ತೆಗೆದು ಆರ್ಕೆಸ್ಟ್ರಾ ಇಟ್ಟರು.

ಕೊನೆಗೆ ಒಂದು ಸಂಜೆ ಕ್ಷಮೆ ಕೇಳೋಕೆ ಹೋದೆ. ಮೇಷ್ಟ್ರು ಕ್ಷಮೆ ಗಿಮೆ ಏನೂ ಕೇಳಿಸಿಕೊಳ್ಳಲಿಲ್ಲ. ‘ಕೂತ್ಕೋ, ನಿನ್ನ ಪ್ರಶ್ನೆ ನೀನು ಅಂದ್ಕೊಂಡಿದ್ದಕ್ಕಿಂತ ಚೆನ್ನಾಗಿತ್ತು ಕಣೋ’ ಅಂದು ಕರೆಂಟ್ ಬಿಲ್ಲಿನ ಹಿಂದೆ ಪೆನ್ಸಿಲ್‌ನಲ್ಲಿ ಬರೆಯತೊಡಗಿದರು. ಮೇಲೆ ಚಂದ್ರಶೇಖರ ಅಯ್ಯರ್, ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ, ಭೌತಶಾಸ್ತ್ರ ಹೇಳಿಕೊಡುತ್ತಿದ್ದವರು. ಅವರ ಕೆಳಗೆ ಎರಡು ಗೆರೆ. ಒಂದರ ತುದಿಗೆ ಸಿ. ಸುಬ್ರಹ್ಮಣ್ಯ ಅಯ್ಯರ್, ಇನ್ನೊಂದರ ತುದಿಗೆ ತಮ್ಮ ಸಿ.ವಿ. ರಾಮನ್. ಎರಡೂ ‘ಸಿ’ಗೆ ಒಂದೊಂದು ಸುತ್ತು ಹಾಕಿದರು. ಸುಬ್ರಹ್ಮಣ್ಯ ಅಯ್ಯರ್ ಕೆಳಗೆ ಮತ್ತೊಂದು ಗೆರೆ ಎಳೆದು ಎಸ್. ಚಂದ್ರಶೇಖರ್ ಅಂತ ಬರೆದರು. ಹಿರಿಮಗನಿಗೆ ತಾತನ ಹೆಸರು. ಅಪ್ಪನ ಹೆಸರು ಇನಿಷಿಯಲ್ ಆಗಿ ಮುಂದೆ ಬಂತು. ಬಿಲ್ಲನ್ನು ನನ್ನ ಕಡೆ ತಿರುಗಿಸಿ, ‘ನೊಬೆಲ್ ಎರಡು, ಚಂದ್ರಶೇಖರ ಒಬ್ಬನೇ’ ಅಂದರು.

ಹೌದಲ್ವಾ! ಚಿಕ್ಕಪ್ಪ ಹೊತ್ತುಕೊಂಡಿದ್ದು ಅಪ್ಪನ ಹೆಸರು. ಅಣ್ಣನ ಮಗ ಹೊತ್ತುಕೊಂಡಿದ್ದು ಅದೇ ಮನುಷ್ಯನ ಹೆಸರು, ತಾತ ಅಂತ. 1930ರ ಜುಲೈ ಕೊನೆಗೆ ಆ ಹುಡುಗ ಮುಂಬೈಯಲ್ಲಿ ಹಡಗು ಹತ್ತಿದ. ಇನ್ನೂ 20 ತುಂಬಿರಲಿಲ್ಲ. ಸತ್ತ ನಕ್ಷತ್ರ ಬಿಳಿ ಕುಬ್ಜವಾಗಿ, ಅಂದರೆ ಕುಗ್ಗಿ ಗಟ್ಟಿಯಾದ ಪುಟ್ಟ ಉಂಡೆಯಾಗಿ, ಉಳಿಯಬೇಕಾದರೆ ಅದರ ತೂಕಕ್ಕೆ ಒಂದು ಮಿತಿ ಇರಬೇಕು ಅಂತ ಆ ಪ್ರಯಾಣದಲ್ಲೇ ಲೆಕ್ಕ ಹಾಕಿದ. ಸೂರ್ಯನ ತೂಕದ ಸುಮಾರು 1.4 ಪಟ್ಟು, ಅದೇ ಚಂದ್ರಶೇಖರ್ ಮಿತಿ. ಅದೇ ವರ್ಷದ ಕೊನೆಗೆ ಚಿಕ್ಕಪ್ಪನಿಗೆ ನೊಬೆಲ್. ಹುಡುಗನ ಲೆಕ್ಕವನ್ನು 1935ರಲ್ಲಿ ಆಗಿನ ದೊಡ್ಡ ಖಗೋಳವಿಜ್ಞಾನಿ ಎಡಿಂಗ್ಟನ್ ತುಂಬಿದ ಸಭೆಯಲ್ಲಿ ಹಾಸ್ಯ ಮಾಡಿದರು. ಅವನಿಗೆ ನೊಬೆಲ್ ಬರುವಷ್ಟರಲ್ಲಿ ವಯಸ್ಸು 73 ಆಗಿತ್ತು. ರಾಮನ್ 1933ರಲ್ಲಿ ಬೆಂಗಳೂರಿಗೆ ಬಂದವರು ಇಲ್ಲೇ ಉಳಿದರು, 1948ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿದರು. ಅಲ್ಲಿ ಪ್ರತಿ ಅಕ್ಟೋಬರ್ 2ಕ್ಕೆ ಅವರು ಕೊಡುತ್ತಿದ್ದ ಗಾಂಧಿ ಸ್ಮಾರಕ ಉಪನ್ಯಾಸವನ್ನು ನಮ್ಮ ಮೇಷ್ಟ್ರು ಹುಡುಗರಾಗಿದ್ದಾಗ ಹಿಂದಿನ ಸಾಲಿನಲ್ಲಿ ನಿಂತು ಕೇಳಿದ್ದರಂತೆ. ಅಂಥವರಿಗೆ ನಾನು ರಾಮನ್ ಎಫೆಕ್ಟ್ ಜೋಕ್ ಹೇಳಿದ್ದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯಾವ ಹೆಸರು ಒಳ್ಳೇದು ಅಂತ ಕೇಳಿದ್ದೀರಿ. ಹೆಸರು ಯಾವುದಾದರೂ ಆಗುತ್ತದೆ, ನನಗೆ ಸರಿ ಕಾಣದ್ದು ‘ಬೇರೆ ಬೇರೆ ಕ್ಷೇತ್ರ’ ಅನ್ನೋದು. ಒಬ್ಬ ಕ್ರಿಕೆಟಿಗ, ಒಬ್ಬ ಪ್ರಧಾನಿ, ಒಬ್ಬ ಕವಿ ಅಂತ ಸಾಲಾಗಿ ನಿಲ್ಲಿಸಿ ಚಪ್ಪಾಳೆ ಹೊಡೆಸೋದರಲ್ಲಿ ಏನಿದೆ? ಅವರ ಹೆಸರು ಒಂದೇ ಆಗಿದ್ದು ಕಾಕತಾಳೀಯ ಅಂತ ನೀವು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೀರಿ. ಎಷ್ಟೋ ಸಲ ಅದು ಹಾಗಿರೋದಿಲ್ಲ. ನಮ್ಮ ಕಡೆ ಹೆಸರು ತಾತನಿಂದ ಬರುತ್ತದೆ, ಮನೆದೇವರಿಂದ ಬರುತ್ತದೆ. ಆಮೇಲೆ ಗುರುತಿಗೆ ಅಂತ ಇನ್ನೇನೋ ಅಂಟಿಕೊಳ್ಳುತ್ತದೆ. ಕಂಬಾರರಿಗೆ ಮನೆತನದ ಕಸುಬು ಅಂಟಿತು. ಪಾಟೀಲರ ಹೆಸರು ಕತ್ತರಿಸಿ ಚಂಪಾ ಆಯಿತು. ಆಜಾದ್ ಅನ್ನೋದನ್ನು ಆ ಹುಡುಗ ಕೋರ್ಟಿನಲ್ಲಿ ತಾನೇ ಹೇಳಿಕೊಂಡಿದ್ದ. ‘ಎಡಕಲ್ಲು ಗುಡ್ಡದ ಮೇಲೆ’ ಮಾಡಿದ ನಟ ಎಡಕಲ್ಲು ಚಂದ್ರಶೇಖರ್ ಆದರು. ವಿಜ್ಞಾನಿ ಎಸ್. ಚಂದ್ರಶೇಖರ್ ಅಮೆರಿಕದಲ್ಲಿ ಬರೀ ‘ಚಂದ್ರ’ ಆಗಿದ್ದರು, ಅದೇ ಹೆಸರಿನ ದೂರದರ್ಶಕ 1999ರ ಜುಲೈ 23ಕ್ಕೆ ಬಾಹ್ಯಾಕಾಶಕ್ಕೆ ಹೋಯಿತು. ಜುಲೈ 23 ಆಜಾದ್ ಹುಟ್ಟಿದ ದಿನ. ಬೇಕಿದ್ದರೆ ಇದನ್ನು ಕಾಕತಾಳೀಯ ಅನ್ನಿ, ಒಪ್ಪುತ್ತೇನೆ.

ಹಾಗಾಗಿ ‘ಯಾರು?’ ಅಂತ ಕೇಳಬೇಡಿ, ‘ಈ ಹೆಸರು ಇವರಿಗೆ ಹೇಗೆ ಬಂತು?’ ಅಂತ ಕೇಳಿ. ಅಜ್ಜಿಯರೂ ಬಾಯಿ ಹಾಕುತ್ತಾರೆ, ಸುತ್ತು ತಾನಾಗಿ ಏರುತ್ತದೆ. ಅಂಕದ ಪ್ರಶ್ನೆಗಳಲ್ಲಿ ‘ಹೆಸರಿನಲ್ಲಿ ಇರುವ’ ಅನ್ನೋ ಪದವನ್ನು ಮುಟ್ಟಲೇಬೇಡಿ. ದಕ್ಷಿಣದವರ ಪ್ರತಿ ಇನಿಷಿಯಲ್ ಬಿಡಿಸಿ ನೋಡಿ, ಅಪ್ಪನೂ ಊರೂ ಅದರೊಳಗೆ ಕೂತಿರುತ್ತಾರೆ. ಕಾರ್ಡುಗಳನ್ನು ನಿಮ್ಮ ಮೇಲೆ ಸ್ವಲ್ಪ ಸಿಟ್ಟಿರುವ ಒಬ್ಬರಿಗೆ ಮೊದಲೇ ತೋರಿಸಿ. ಹೆಂಡತಿಗೆ ತೋರಿಸಿದರೆ ಸಾಲದು, ನಿದ್ದೆ ಬಂದಿರುತ್ತದೆ. ಸ್ಪರ್ಧಿ ಎದ್ದು ನಿಂತು ಏನಾದರೂ ಕೇಳಿದರೆ ಗಡಿಯಾರ ನಿಲ್ಲಿಸಿ ಕೇಳಿಸಿಕೊಳ್ಳಿ. ‘ತೀರ್ಮಾನವೇ ಅಂತಿಮ’ ಅನ್ನೋ ಬೋರ್ಡನ್ನು ಕಿತ್ತುಹಾಕಿ. ಗಣೇಶನ ಪೆಂಡಾಲಿನಲ್ಲಿ ಸುಪ್ರೀಂ ಕೋರ್ಟ್ ಯಾಕೆ?

ಬಹುಮಾನ ಕೊಡೋಕೆ ನಿಮ್ಮ ಬಡಾವಣೆಯಲ್ಲೇ ಒಬ್ಬ ಚಂದ್ರು ಸಿಗುತ್ತಾನೆ, ಅವನನ್ನೇ ಕರೆಯಿರಿ. ಓವಲ್ ಆನೆಯ ಪ್ರಶ್ನೆಯನ್ನು ಇದ್ದ ಹಾಗೇ ಎತ್ತಿಕೊಳ್ಳಿ, ಅದರಲ್ಲಿ ತೂತಿಲ್ಲ, ಮೇಷ್ಟ್ರೂ ನೋಡಿದ್ದಾರೆ. ನಮ್ಮಲ್ಲಿ ಈ ವರ್ಷವೂ ಆರ್ಕೆಸ್ಟ್ರಾವೇ ಅಂತೆ.