ಕಪ್ಪು ಕರಡಿಗಳ ಸಂಖ್ಯೆ ಹಿಡಿತದಲ್ಲಿಡಲು ಅಮೆರಿಕದಲ್ಲಿ ಬೇಟೆಗೆ ಅನುಮತಿ ಕೊಡುತ್ತಾರಂತೆ. ಅದರಿಂದ ಪ್ರಯೋಜನವಿದೆಯೇ?

ಸಂಖ್ಯೆ ತಗ್ಗಿಸಲು ಪ್ರಯೋಜನವಿದೆ. ಊರೊಳಗಿನ ಕಾಟ ತಪ್ಪಿಸಲು ಅದೊಂದೇ ಸಾಲದು.

ನ್ಯೂಜೆರ್ಸಿಯನ್ನೇ ನೋಡಿ. 1970ರ ನಂತರ ನಿಂತಿದ್ದ ಕರಡಿ ಬೇಟೆ ಅಲ್ಲಿ 2003ರಲ್ಲಿ ಮತ್ತೆ ಶುರುವಾಯಿತು. ನಡುನಡುವೆ ನಿಂತು, 2022ರ ಡಿಸೆಂಬರ್‌ನಲ್ಲಿ ಪುನಃ ಆರಂಭವಾಯಿತು. ಮನಬಂದಷ್ಟು ಹೊಡೆಯುವಂತಿಲ್ಲ. ಮೊದಲೇ ಕೆಲವು ಕರಡಿಗಳನ್ನು ಹಿಡಿದು, ಕಿವಿಗೆ ಬಿಲ್ಲೆ ಹಾಕಿ ಬಿಟ್ಟಿರುತ್ತಾರೆ. ಅವುಗಳಲ್ಲಿ ಶೇ 30ರಷ್ಟು ಬಲಿಯಾದರೆ ಬೇಟೆ ಬಂದ್. ಕೊಂದ ಕರಡಿಯನ್ನು ತಪಾಸಣಾ ಕೇಂದ್ರಕ್ಕೆ ತರಲೇಬೇಕು. ಅಲ್ಲಿ ಕೋರೆಹಲ್ಲಿನ ಹಿಂದಿರುವ ಪುಟ್ಟ ಹಲ್ಲೊಂದನ್ನು ಕೀಳುತ್ತಾರೆ. ಅದನ್ನು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮರದ ಉಂಗುರಗಳಂತೆ ಪದರಗಳು ಕಾಣುತ್ತವೆ. ಎಣಿಸಿದರೆ ವಯಸ್ಸು ತಿಳಿಯುತ್ತದೆ. ಸತ್ತವುಗಳಲ್ಲಿ ಯಾವ ವಯಸ್ಸಿನ ಹೆಣ್ಣುಗಳೆಷ್ಟು ಎಂಬ ಲೆಕ್ಕ ಬಹಳ ಮುಖ್ಯ. ಹೆಣ್ಣು ಕರಡಿ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಮಾತ್ರ ಮರಿ ಹಾಕುವುದರಿಂದ, ಹೆಣ್ಣುಗಳು ಹೆಚ್ಚು ಸತ್ತರೆ ಸಂತತಿ ಚೇತರಿಸಿಕೊಳ್ಳಲು ವರ್ಷಗಳೇ ಹಿಡಿಯುತ್ತವೆ.

ಆದರೆ ಕಸದ ಡಬ್ಬಿ ಮಗುಚುವ ಕರಡಿಯೇ ಗುಂಡಿಗೆ ಸಿಗುತ್ತದೆಂಬ ಖಾತರಿಯಿಲ್ಲ. ಯಾರ ತಂಟೆಗೂ ಹೋಗದೆ ಕಾಡಿನಾಳದಲ್ಲಿದ್ದದ್ದು ಸಾಯಬಹುದು. ಓಕ್ ಕಾಯಿ, ಹಣ್ಣು ಕೈಕೊಟ್ಟ ವರ್ಷ ಉಳಿದವು ಊರಿಗೆ ಬಂದೇ ಬರುತ್ತವೆ. ಕರಡಿಗೆ ತೆರೆಯಲಾಗದಂಥ ಡಬ್ಬಿಗಳನ್ನು ಕಡ್ಡಾಯ ಮಾಡದೆ ಮೊದಲು ಬಂದೂಕು ಎತ್ತುವುದನ್ನು ನಾನಂತೂ ಒಪ್ಪುವುದಿಲ್ಲ.