ಬಿಸಿ ಗೊತ್ತಾಗದ ಕೈ

ನಮಸ್ಕಾರ. ನಿಮ್ಮ ‘ಹೊಸ ಕೈ’ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸುವುದು ಕಷ್ಟ. ಕಾರಣ, ಕೊನೆಯ ಪುಟ.

ಕುಷ್ಠದಿಂದ ಬೆರಳು ಮಡಚಿಹೋದ ನಾಗಪ್ಪ ವೆಲ್ಲೂರಿಗೆ ಹೋಗುತ್ತಾನೆ. ಕುಷ್ಠರೋಗಿಗಳ ಕೈ ಸರಿಪಡಿಸುತ್ತಿದ್ದ, ನಿಜಕ್ಕೂ ಇದ್ದ ವೈದ್ಯ ಡಾ. ಪಾಲ್ ಬ್ರ್ಯಾಂಡ್ ಆಪರೇಷನ್ ಮಾಡುತ್ತಾರೆ. ಕಟ್ಟು ಬಿಚ್ಚಿದ ದಿನವೇ ಅವನು ಮೊಮ್ಮಗಳ ಕೆನ್ನೆ ಮುಟ್ಟಿ, ಅದರ ಬಿಸುಪಿಗೆ ಅಳುತ್ತಾನೆ. ಅಳಬೇಕಾದ್ದು ಅವನಲ್ಲ, ನಾನು! ಈ ಆಪರೇಷನ್ ಬೆರಳನ್ನು ಆಡಿಸುತ್ತದೆ, ಅಷ್ಟೇ. ಹೋದ ಸ್ಪರ್ಶ ವಾಪಸ್ ಬರುವುದಿಲ್ಲ.

ಅಲ್ಲಿ ಏನು ಮಾಡುತ್ತಾರೆ ಗೊತ್ತಾ? ನಡುಬೆರಳನ್ನು ಮಡಚಲು ಎರಡು ಟೆಂಡನ್‌ಗಳಿರುತ್ತವೆ, ಅಂದರೆ ಸ್ನಾಯುವನ್ನು ಮೂಳೆಗೆ ಬಿಗಿಯುವ ಹುರಿಗಳು. ಒಂದನ್ನು ಬಿಡಿಸಿ, ನಾಲ್ಕಾಗಿ ಸೀಳಿ, ನಾಲ್ಕು ಬೆರಳಿಗೂ ಹೊಲಿಯುವುದು ಒಂದು ವಿಧಾನ. ಆಮೇಲೆ ಸುಮಾರು ಮೂರು ವಾರ ಪ್ಲಾಸ್ಟರ್. ಅದು ಬಿಚ್ಚಿದ ಮೇಲೆ ಶುರು ನಿಜವಾದ ಫಜೀತಿ. ನಡುಬೆರಳು ಮಡಚೋಣ ಅಂದುಕೊಂಡರೆ ನಾಲ್ಕೂ ಬೆರಳಿನ ಬುಡ ಬಾಗುತ್ತದೆ. ತನ್ನದೇ ಕೈಯನ್ನು ಮಗುವಿನ ಹಾಗೆ ಕಲಿಯಬೇಕು. ವಾರಗಟ್ಟಲೆ. ಇದನ್ನು ನೀವು ‘ಕೆಲವು ದಿನಗಳ ನಂತರ’ ಅಂತ ಮುಗಿಸಿಬಿಟ್ಟಿದ್ದೀರಿ!

‘ಬೆರಳು ಕೊಳೆತು ಉದುರಿತು’ ಅನ್ನುವ ಸಾಲನ್ನೂ ತೆಗೆಯಿರಿ. ಕುಷ್ಠದಲ್ಲಿ ಬೆರಳು ಹಾಗೆ ತಾನಾಗಿ ಉದುರುವುದಿಲ್ಲ. ನೋವು ಗೊತ್ತಾಗದ್ದರಿಂದ ಸುಟ್ಟುಕೊಳ್ಳುತ್ತಾರೆ, ಕೊಯ್ದುಕೊಳ್ಳುತ್ತಾರೆ, ಗಾಯ ಕೀವಾಗಿ ಮೂಳೆ ಸವೆಯುತ್ತದೆ. ಮಲಗಿದ್ದಾಗ ಇಲಿ ಕಚ್ಚಿದರೂ ಎಚ್ಚರವಾಗುತ್ತಿರಲಿಲ್ಲ. ಹಾಗಾಗಿ ಬ್ರ್ಯಾಂಡ್ ಅವರ ಕಡೆಯಿಂದ ಮನೆಗೆ ಹೊರಟವರ ಜೊತೆ ಬೆಕ್ಕನ್ನೂ ಕಳಿಸುತ್ತಿದ್ದರು. ಇಂಥದ್ದು ಕೈಗೆ ಸಿಕ್ಕರೆ ಯಾವ ಕಥೆಗಾರ ಬಿಡ್ತಾನೆ ಹೇಳಿ.

ಇನ್ನೊಂದು. ನಾಗಪ್ಪ ಭಿಕ್ಷೆ ಬೇಡಿ ಬದುಕಿದವನು. ಕೈ ನೆಟ್ಟಗಾದ ಮೇಲೆ ಭಿಕ್ಷೆ ಹಾಕುವವರು ಕಮ್ಮಿ, ಕೆಲಸ ಕೊಡುವವರು ಇಲ್ಲವೇ ಇಲ್ಲ. ಇದು ಅಲ್ಲಿನ ರೋಗಿಗಳೇ ಬ್ರ್ಯಾಂಡ್ ಹತ್ತಿರ ಹೇಳಿಕೊಂಡ ದೂರು. ಅಂಥವರಿಗೆಂದೇ ಅಲ್ಲಿ ನವಜೀವ ನಿಲಯ ಶುರುವಾಯಿತು, ಮರಗೆಲಸ ಕಲಿಸಿದರು. ನಿಮ್ಮ ಕಥೆಯಲ್ಲಿ ಮಾತ್ರ ಇಡೀ ಊರು ಹಾರ ಹಿಡಿದು ಕಾಯುತ್ತಿದೆ. ಬೇಡ.

ಸಣ್ಣ ತಪ್ಪುಗಳು: ಕಥೆಯ ಕಾಲ 1943 ಅಂದಿದ್ದೀರಿ, ಬ್ರ್ಯಾಂಡ್ ವೆಲ್ಲೂರಿಗೆ ಬಂದದ್ದೇ 1946ರಲ್ಲಿ. ತೊನ್ನು ಬೇರೆ, ಕುಷ್ಠ ಬೇರೆ.

ಮೊದಲ ಪುಟದ ಜಾತ್ರೆ ತುಂಬಾ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ಕೊನೆಗೆ ಮೊಮ್ಮಗಳು ಕಾಫಿ ಲೋಟ ತರಲಿ. ನಾಗಪ್ಪ ಹೊಸ ಬೆರಳಲ್ಲಿ ಹಿಡಿಯಲು ಕೈ ಚಾಚಲಿ. ಬಿಸಿ ಇದೆಯಾ ಅಂತ ಅವಳನ್ನೇ ಕೇಳಲಿ. ಅಲ್ಲಿಗೆ ನಿಲ್ಲಿಸಿ, ಮತ್ತೆ ಕಳಿಸಿ.